ಏರುವ ವಿಮಾನಕ್ಕೂ ಗಮನ ಬೇಕು

ಮಾನ್ಯ ಸಂಪಾದಕರೇ,

ರಜೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಆಟ ಸೂಚಿಸುವ ಬರಹಗಳಲ್ಲಿ ವಿಮಾನಗಳ ಏರಿಳಿತವನ್ನು ಆಟಗಾರನೇ ನಿಯಂತ್ರಿಸುವ ಏರ್ ಟ್ರಾಫಿಕ್ ಕಂಟ್ರೋಲ್ ಆಟಗಳಿಗೂ ಜಾಗ ಕೊಡಿ. ಬ್ರೌಸರ್‌ನಲ್ಲೇ ಉಚಿತವಾಗಿ ಆಡಬಹುದಾದ ಓಪನ್‌ಸ್ಕೋಪ್‌ನಿಂದ ಶುರುಮಾಡಬಹುದು. ಆದರೆ ಇಳಿಯುವ ವಿಮಾನಗಳ ಬಗ್ಗೆ ಮಾತ್ರ ಬರೆದು ನಿಲ್ಲಿಸಬೇಡಿ. ಏರುವ ವಿಮಾನಕ್ಕೆ ಟೇಕಾಫ್ ಹೇಳಿದರೆ ಕೆಲಸ ಮುಗಿಯಿತು ಎಂದುಕೊಂಡೇ ಹೊಸಬರು ಎಡವುತ್ತಾರೆ.

ಮೊದಲು ಗಾಳಿ ನೋಡಬೇಕು. ವಿಮಾನ ಗಾಳಿಗೆ ಎದುರಾಗಿ ಏರಬೇಕು; ಗಾಳಿ ಪಶ್ಚಿಮದಿಂದ ಬೀಸುತ್ತಿದ್ದರೆ ಪಶ್ಚಿಮಕ್ಕೆ ಮುಖ ಮಾಡಿದ 27ನೇ ರನ್‌ವೇ. ಆಮೇಲೆ ಆದೇಶಗಳನ್ನು ಟೈಪ್ ಮಾಡಬೇಕು: ಮಾರ್ಗದ ಅನುಮತಿಗೆ ‘ಸಿಎಎಫ್’, ನಿಗದಿತ ನಿರ್ಗಮನ ಮಾರ್ಗದಂತೆ ಮೇಲೇರಲು ‘ಸಿವಿಎಸ್’, ಆಮೇಲೆ ನೆಲದ ಮೇಲೆ ರನ್‌ವೇವರೆಗೆ ಸಾಗಲು ಟ್ಯಾಕ್ಸಿ, ಕೊನೆಗೆ ಟೇಕಾಫ್. ಅನುಮತಿಯನ್ನೋ ಎತ್ತರವನ್ನೋ ಕೊಡಲು ಮರೆತರೆ ಪೈಲಟ್ ಹೊರಡಲು ಒಪ್ಪುವುದಿಲ್ಲ. ಹಿಂದಿನ ಸಾಲೆಲ್ಲ ನಿಂತುಬಿಡುತ್ತದೆ. ಸಾಲಿನಲ್ಲಿ ಎರಡನೆಯದನ್ನು ಮೊದಲು ಹಾರಿಸುವಂತೆಯೂ ಇಲ್ಲ. ಹಾಗಾಗಿ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ಟ್ಯಾಕ್ಸಿ ಹೇಳುವ ಹೊತ್ತಿಗೇ ತೀರ್ಮಾನವಾಗಿರಬೇಕು.

ಈ ತೀರ್ಮಾನವೇ ಆಟದ ಜೀವಾಳ. 170 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ವೇಗದಲ್ಲಿ ಏರುತ್ತಿರುವ, ಪ್ರೊಪೆಲ್ಲರ್‌ನ ಎಟಿಆರ್ 72ರ ಹಿಂದೆ 250 ನಾಟ್‌ನ ಜೆಟ್ ವಿಮಾನ ಏರ್‌ಬಸ್ 320 ಬಿಟ್ಟಿರಿ ಎನ್ನಿ. ಅಂತರ ನಿಮಿಷಕ್ಕೆ ಸುಮಾರು 1.3 ನಾಟಿಕಲ್ ಮೈಲಿಯಂತೆ ಕರಗುತ್ತದೆ. 4 ಮೈಲಿ ಇದ್ದದ್ದು 45 ಸೆಕೆಂಡಿನಲ್ಲಿ ರಡಾರ್‌ನ ಕನಿಷ್ಠ ಮಿತಿಯಾದ 3 ಮೈಲಿಗೆ ಬಂದು ನಿಲ್ಲುತ್ತದೆ. ಜೆಟ್ ಮೊದಲು ಹೋಗಲಿ. ಆಗದಿದ್ದರೆ ಎಟಿಆರ್ ನೆಲ ಬಿಟ್ಟ ಕೂಡಲೇ ಅದನ್ನು ಕನಿಷ್ಠ 45 ಡಿಗ್ರಿ ಪಕ್ಕಕ್ಕೆ ತಿರುಗಿಸಿ.

ದೊಡ್ಡ ವಿಮಾನದ ಹಿಂದಿನ ತೊಂದರೆ ಬೇರೆ. ಅದರ ರೆಕ್ಕೆಯ ತುದಿಗಳಿಂದ ಹೊರಟ ಸುಳಿಗಾಳಿ ಕೆಲವು ನಿಮಿಷ ಅಲ್ಲೇ ಉಳಿದಿರುತ್ತದೆ. ಬೋಯಿಂಗ್ 777ರಂಥ ಭಾರೀ ವಿಮಾನದ ಹಿಂದೆ ಏರ್‌ಬಸ್ 320 ಹೊರಡಬೇಕಾದರೆ 2 ನಿಮಿಷ, 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಮೊದಲು ಬಂದಿಳಿದ ಎರಡು ಅಂತಸ್ತಿನ ಏರ್‌ಬಸ್ ಎ380ರ ಹಿಂದೆ 3 ನಿಮಿಷ ಕಾಯಿಸಬೇಕು. ಆಟ ಇದನ್ನು ಕೇಳಲಿ, ಬಿಡಲಿ, ಮಕ್ಕಳು ಈ ಅಭ್ಯಾಸದೊಂದಿಗೇ ಕಲಿಯಲಿ ಎಂಬುದು ನಮ್ಮ ಆಸೆ.

ಇಳಿಯುವವು ಅಡ್ಡ ಬರುವ ಕಡೆ ಏರುವ ವಿಮಾನವನ್ನು ಅವುಗಳಿಗಿಂತ 1000 ಅಡಿ ಕೆಳಗೇ ತಡೆದು, ದಾಟಿದ ಮೇಲೆ ಮೇಲಕ್ಕೆ ಕಳಿಸಿ. ಹೊಸಬರು ತಡೆಯಲು ಮರೆಯುವುದು ಕಡಿಮೆ. ಮತ್ತೆ ಮೇಲಕ್ಕೆ ಕಳಿಸಲು ಮರೆಯುವುದೇ ಹೆಚ್ಚು. ಆಗ ವಿಮಾನ ಅದೇ ಎತ್ತರದಲ್ಲಿ ತೆವಳುತ್ತಾ, ಮುಂದೆ ಇಳಿಯಲು ಬರುವ ಸಾಲಿಗೆ ನೇರ ಎದುರಾಗುತ್ತದೆ.

ಇಂತಿ,
ಸಿಮ್ಯುಲೇಟರ್ ಹವ್ಯಾಸಿಗಳು, ದೇವನಹಳ್ಳಿ