ಬಯಲು ಉಳಿಯಬೇಕಾ, ಹಳೇ ಫೋಟೋ ಹುಡುಕಿ

ಸಂಪಾದಕರೇ,

ನಾನಿರುವುದು ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ. ಮನೆ ಎದುರಿನ ಹುಲ್ಲುಬಯಲನ್ನು ಉಳಿಸಿಕೊಳ್ಳಲು ಹೊರಟಿದ್ದೇವೆ. ಇಲ್ಲಿಯ 2006ರ ಕಾಮನ್ಸ್ ಕಾಯ್ದೆ ಪ್ರಕಾರ ಊರಿನ ಸಾಕಷ್ಟು ಜನ 20 ವರ್ಷ ಒಂದು ಜಾಗದಲ್ಲಿ ಆಡಿಕೊಂಡು, ಓಡಾಡಿಕೊಂಡು ಬಂದಿದ್ದರೆ, ಅದೂ ಜಬರದಸ್ತಿ ಮಾಡದೆ, ಕದ್ದುಮುಚ್ಚಿ ಅಲ್ಲದೆ, ಅನುಮತಿ ಪಡೆಯದೆ, ಅದನ್ನು 'ವಿಲೇಜ್ ಗ್ರೀನ್' (ಊರಿನವರ ಆಟ-ಓಡಾಟಕ್ಕೆ ಮೀಸಲಾದ ಬಯಲು) ಅಂತ ನೋಂದಾಯಿಸಬಹುದು. ಮಾಲೀಕರ ಒಪ್ಪಿಗೆ ಪಡೆದು ಆಡಿದ್ದರೆ ಅರ್ಜಿ ಬಿದ್ದುಹೋಗುತ್ತದೆ. ವಿಚಿತ್ರ ಅಲ್ವಾ?

ಸುಮ್ನೆ ಸಹಿ ಸಂಗ್ರಹಿಸಿದರೆ ಸಾಲದು, ಸಾಕ್ಷಿ ಬೇಕು. ಪಕ್ಕದ ಮನೆಯ ಅಜ್ಜಿ ಬಿಸ್ಕತ್ತಿನ ಡಬ್ಬಿಯಿಂದ ಒಂದು ಫೋಟೋ ತೆಗೆದುಕೊಟ್ಟರು. ಹಿಮದಲ್ಲಿ ಜಾರುತ್ತಿರುವ ಮಕ್ಕಳು, ಹಿಂದೆ ಪೆನ್ಸಿಲಿನಲ್ಲಿ ಇಸವಿ. ನಮ್ಮ ನೂರು ಸಹಿಗಿಂತ ಅದೇ ಜಾಸ್ತಿ ತೂಕದ್ದು ಅನಿಸಿತು.

ನನ್ನ ತಕರಾರು ಈ ಕಾಯ್ದೆಗೆ ಆದ 2013ರ ತಿದ್ದುಪಡಿ ಬಗ್ಗೆ. ಆ ಜಾಗದಲ್ಲಿ ಕಟ್ಟಡ ಕಟ್ಟಲು ಯಾರಾದರೂ ಅರ್ಜಿ ಹಾಕಿ, ಅದು ಪ್ರಕಟವಾದರೆ ಸಾಕು, ನಾವು ನೋಂದಣಿಗೆ ಅರ್ಜಿ ಹಾಕುವ ಹಕ್ಕು ಅಲ್ಲಿಗೇ ನಿಲ್ಲುತ್ತದೆ. ಜನ ಎಚ್ಚೆತ್ತುಕೊಳ್ಳುವುದೇ ಆ ನೋಟಿಸ್ ನೋಡಿದ ಮೇಲೆ! ಒಮ್ಮೆ ನೋಂದಣಿಯಾದರೆ 1857 ಮತ್ತು 1876ರ ಹಳೇ ಕಾಯ್ದೆಗಳು ಒತ್ತುವರಿಗೆ ಅಡ್ಡ ನಿಲ್ಲುತ್ತವೆ. ಆದರೆ ಅಲ್ಲಿವರೆಗೆ ತಲುಪಲು ಬಿಡಬೇಕಲ್ಲ. ಈ ತಿದ್ದುಪಡಿ ತೆಗೆಯಬೇಕು.

— ಒಬ್ಬ ಓದುಗ, ಇಂಗ್ಲೆಂಡ್