ಬಿಸ್ಕತ್ತಿನ ಡಬ್ಬದ ಕಲ್ಲುಗಳು

ಕಟಪಾಡಿ
ಗುರುವಾರ ರಾತ್ರಿ

ಮಗಳೇ,

ನೀನು ಮೇಲಿನ ಕೋಣೆಯಲ್ಲಿ, ಆಸ್ಟ್ರೇಲಿಯಾದಲ್ಲಿ ಡೈನೋಸಾರ್ ಎಲುಬು ಅಗೆಯುವ ಶಿಬಿರಕ್ಕೆ ಹೋಗಲು ಬ್ಯಾಗ್ ಕಟ್ಟುತ್ತಿದ್ದೀಯೆ. ನಾನು ಜಗಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ನಿಂತು ಹೇಳಹೊರಟರೆ ನನ್ನ ದನಿ ಏರುತ್ತದೆ, ಮೊನ್ನೆ ಊಟದ ಹೊತ್ತಿಗೆ ಏರಿದ ಹಾಗೆ. ಮಣ್ಣು ಅಗೆದವರಿಗೆ ಕೂಲಿ ಕೊಡುವುದನ್ನು ಕಂಡಿದ್ದೇನೆ, ಕೈಯಿಂದ ದುಡ್ಡು ಕೊಟ್ಟು ಅಗೆಯಲು ಹೋಗುವವರನ್ನು ಕಂಡಿಲ್ಲ ಎಂದೆ. ನೀನು ಅರ್ಧ ಊಟದಲ್ಲಿ ಎದ್ದೆ. ಮೂವತ್ತೊಂದು ವರ್ಷ ಮುರಕಲ್ಲಿನ ಕೋರೆ ನಡೆಸಿದವನ ಬಾಯಿಗೆ ಸುಲಭವಾಗಿ ಬರುವ ಮಾತು ಅದು. ಆ ದುಡ್ಡು ನಿನ್ನ ಸ್ವಂತ ಸಂಬಳದ ಉಳಿತಾಯ, ಅದರ ಲೆಕ್ಕ ಕೇಳುವ ಹಕ್ಕು ನನಗಿಲ್ಲ. ತಪ್ಪಾಯಿತು.

ನೀನು ಮೇಜಿನ ಮೇಲೆ ಬಿಟ್ಟುಹೋದ ಶಿಬಿರದ ಪುಸ್ತಿಕೆಯನ್ನು ಎರಡು ರಾತ್ರಿ ಕುಳಿತು ಓದಿದೆ. ತಿಳಿಯದ್ದನ್ನು ಮೊಬೈಲಿನಲ್ಲಿ ಹುಡುಕಿದೆ. ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಆ ವಿಂಟನ್‌ನಲ್ಲಿ 1999ರಲ್ಲಿ ಕುರಿ ಅಟ್ಟುತ್ತಿದ್ದ ರೈತನೊಬ್ಬನಿಗೆ ತನ್ನ ಜಮೀನಿನಲ್ಲೇ ಡೈನೋಸಾರಿನ ಎಲುಬು ಸಿಕ್ಕಿದ್ದು, ಅಲ್ಲಿಂದ ಒಂದು ವಸ್ತುಸಂಗ್ರಹಾಲಯವೇ ಎದ್ದು ನಿಂತದ್ದು, ಈಗ ವಿಜ್ಞಾನಿಗಳ ಪಕ್ಕದಲ್ಲಿ ನಿನ್ನಂಥ ಬ್ಯಾಂಕ್ ನೌಕರರೂ ಮಂಡಿಯೂರಿ ಅಗೆಯುವುದು, ಎಲ್ಲವನ್ನೂ ಓದಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಣ್ಣಿನ ವಿಷಯ. ಅಲ್ಲಿನ ಕಪ್ಪು ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ಅಡಿಯಲ್ಲಿರುವ ಎಲುಬಿನ ಚೂರುಗಳನ್ನು ವರ್ಷಕ್ಕಿಷ್ಟು ಎಂದು ಮೇಲಕ್ಕೆ ತಳ್ಳುತ್ತದಂತೆ. ಮೇಲೆ ಬಿದ್ದ ಚೂರು ನೋಡಿ ಎಲ್ಲಿ ಅಗೆಯಬೇಕೆಂದು ತೀರ್ಮಾನಿಸುತ್ತಾರೆ. ಇಷ್ಟು ವರ್ಷ ನೆಲದ ಜೊತೆಗೇ ಬದುಕಿದ್ದರೂ, ನೆಲ ತಾನಾಗಿ ಎತ್ತಿಕೊಡುತ್ತದೆ ಎಂಬುದನ್ನು ನಾನು ಕೇಳಿರಲಿಲ್ಲ. ನಮ್ಮಲ್ಲಿ ಬಗೆದೇ ತೆಗೆಯಬೇಕು.

ಎಂಟು ವರ್ಷದವಳಿದ್ದಾಗ ನೀನು ಕೇಳಿದ್ದೆ, ನಮ್ಮ ಕೋರೆಯಲ್ಲಿ ಡೈನೋಸಾರ್ ಎಲುಬು ಯಾಕೆ ಸಿಗುವುದಿಲ್ಲ ಎಂದು. ಇಲ್ಲ ಅಂದರೆ ಇಲ್ಲ ಎಂದು ಬಾಯಿ ಮುಚ್ಚಿಸಿದ್ದೆ. ತಡವಾದರೂ ಉತ್ತರ ಕೊಡುತ್ತೇನೆ. ನಮ್ಮ ಊರಿನ ಅಡಿಗಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಎಲುಬು ಉಳಿಯಬೇಕಾದರೆ ಹೂಳೋ ಮರಳೋ ಅದನ್ನು ಬೇಗ ಮುಚ್ಚಬೇಕು. ಮುರಕಲ್ಲು ಎಂದರೆ ಮಳೆಗೆ ಬಿಸಿಲಿಗೆ ಬಂಡೆ ಕೊಳೆತು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದ ಕಲ್ಲು. ಎಲುಬಿನ ಸುಣ್ಣ ಅಂಥದ್ದರಲ್ಲಿ ಹೇಗೆ ನಿಂತೀತು? ಡೈನೋಸಾರ್ ಕಾಲದ ಕಲ್ಲು ನಮಗೆ ಹತ್ತಿರದಲ್ಲಿರುವುದು ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದಲ್ಲಿ. ಮಡಗಾಸ್ಕರ್ ನಮ್ಮಿಂದ ಬೇರ್ಪಡುವಾಗ ಉಕ್ಕಿದ ಲಾವಾ ತಣಿದು ಆದ ಕಂಬಗಲ್ಲುಗಳು ಅವು, ಸುಮಾರು 8.8 ಕೋಟಿ ವರ್ಷದವು. ನೀನು ಅಗೆಯಲಿರುವ ಪದರ ಸುಮಾರು 9.5 ಕೋಟಿಯದು. ಆ ಪ್ರಾಣಿಗಳು ಅಲ್ಲಿ ಮೇಯುತ್ತಿದ್ದಾಗ ನಮ್ಮ ಮಲ್ಪೆಗೆ ಸಮುದ್ರವೇ ಇರಲಿಲ್ಲ ಎಂದು ಯೋಚಿಸುತ್ತಾ ನಿನ್ನೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಿದ್ದೆ ಬರದಿರಲು ಇನ್ನೊಂದು ಕಾರಣವಿದೆ.

2007ರ ಮೇ 28. ಶಾಲೆ ತೆರೆಯಲು ನಾಲ್ಕು ದಿನ ಉಳಿದಿತ್ತು. ಎರಡು ದಿನದ ಮೊದಲ ದೊಡ್ಡ ಮಳೆಗೆ ಹಳೆಯ ಗುಂಡಿಯಲ್ಲಿ ನೀರು ನಿಂತಿತ್ತು. ಮಧ್ಯಾಹ್ನ ನೀನು ಮನೆಯಲ್ಲಿರಲಿಲ್ಲ. ನಾನು ಗುಂಡಿಯ ಅಂಚಿಗೆ ಬಂದು ನೋಡಿದರೆ, ನೀನು ಕಲ್ಲು ಕೊಯ್ದ ಮೆಟ್ಟಿಲುಗಳ ತೀರ ಕೆಳಗೆ ಕುಕ್ಕರಗಾಲಿನಲ್ಲಿ ಕುಳಿತು, ಮುರಕಲ್ಲಿನ ಅಡಿಯ ಶೇಡಿ ಮಣ್ಣನ್ನು ಅಡುಗೆಮನೆಯ ಚಮಚದಿಂದ ಕೆರೆಯುತ್ತಿದ್ದೆ. ನಿನ್ನಿಂದ ಎರಡು ಮೆಟ್ಟಿಲು ಕೆಳಗೆ ನೀರು, ಕೆಂಪಗೆ, ತಳ ಕಾಣದ ನೀರು. ಕೂಗಿದರೆ ಬೆಚ್ಚಿ ಜಾರುತ್ತೀಯೆ ಎಂದು ಕೂಗಲಿಲ್ಲ. ಚಪ್ಪಲಿ ಕಳಚಿ, ಉಸಿರು ಬಿಗಿಹಿಡಿದು ಹದಿನಾಲ್ಕು ಮೆಟ್ಟಿಲು ಇಳಿದೆ. ಪಾಚಿ ಆಗಲೇ ಹಿಡಿಯತೊಡಗಿತ್ತು. ಹನ್ನೊಂದನೆಯದರಲ್ಲಿ ನನ್ನ ಕಾಲೇ ಜಾರಿತು. ನೀನು ತಿರುಗಿ ನೋಡಲಿಲ್ಲ, ಅಷ್ಟು ಮುಳುಗಿದ್ದೆ ಕೆಲಸದಲ್ಲಿ. ಹಿಂದಿನಿಂದ ಸೊಂಟ ಹಿಡಿದು ಎತ್ತಿಕೊಂಡೆ. ಮೇಲೆ ಬಂದ ಮೇಲೆ ಹೊಡೆದೆ. ಅದು ನಿನಗೂ ನೆನಪಿದೆ, ಬಿಡು.

ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ಆ ಗುಂಡಿ ನನ್ನದು. ಕಲ್ಲು ಮುಗಿದ ಮೇಲೆ ಮುಚ್ಚದೆ, ಸುತ್ತ ಒಂದು ಬೇಲಿಯನ್ನೂ ಹಾಕದೆ ಬಿಟ್ಟವನು ನಾನು. ನಮ್ಮ ಕಡೆ ಮಳೆಗಾಲ ಬಂತೆಂದರೆ ಇಂಥ ಗುಂಡಿಗೆ ಬಿದ್ದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಓದಿದವನೇ ನಾನು, ಆದರೂ ಮುಂದಿನ ವರ್ಷ ಮಾಡೋಣ ಎಂದು ತಳ್ಳಿದ್ದೆ. ನನ್ನ ತಪ್ಪಿಗೆ ನಿನ್ನ ಕೆನ್ನೆಗೆ ಪೆಟ್ಟು ಬಿತ್ತು. ಅಷ್ಟಕ್ಕೇ ನಿಲ್ಲದೆ, ಸಂಜೆ ನಿನ್ನ ಬಿಸ್ಕತ್ತಿನ ಡಬ್ಬವನ್ನು ತೆಗೆದು ಅದರ ಕಲ್ಲುಗಳನ್ನೆಲ್ಲ ಸುರಿದುಬಿಟ್ಟೆ. ಕಲ್ಲಿನ ಹುಚ್ಚು ಬಿಡಲಿ ಎಂದು. ಈ ಹದಿನೆಂಟು ವರ್ಷದಲ್ಲಿ ನೀನು ಒಮ್ಮೆಯೂ ಆ ಡಬ್ಬದ ಮಾತೆತ್ತಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಹನ್ನೊಂದನೆಯ ಮೆಟ್ಟಿಲಿನಲ್ಲಿ ಕಾಲು ಜಾರಿದಾಗ ಒಂದು ಸಣ್ಣ ಕಲ್ಲು ಉರುಳಿ ನೀರಿಗೆ ಬಿದ್ದಿತ್ತು. ಆ ಸದ್ದು ಈಗಲೂ ಮಳೆಗಾಲದ ರಾತ್ರಿ ಕೇಳುತ್ತದೆ. ಮೊನ್ನೆ ನೀನು "ಗುಂಡಿಯೊಳಗೆ ಕುಳಿತು ಕೆಲಸ" ಎಂದಾಗ ನನಗೆ ಸಿಟ್ಟು ಬಂದದ್ದು ದುಡ್ಡಿನ ಮಾತಿಗಲ್ಲ. ಅಲ್ಲಿಯದು ಆಳವಿಲ್ಲದ ಗುಂಡಿ, ನೀರಿಲ್ಲದ ಬಯಲು, ಪಕ್ಕದಲ್ಲಿ ಬಲ್ಲವರು ಇರುತ್ತಾರೆ. ಎಲ್ಲ ಓದಿದ್ದೇನೆ. ಓದಿದ ಮೇಲೂ ಆ ಎರಡು ಮೆಟ್ಟಿಲು ಕೆಳಗಿನ ನೀರೇ ಕಣ್ಣ ಮುಂದೆ ಬರುತ್ತದೆ.

ಆದ್ದರಿಂದ ಹೇಳುತ್ತೇನೆ, ಕೇಳು. ಅಗೆದ ಅಂಚಿನ ಮೇಲೆ ಭಾರ ಹಾಕಬೇಡ. ಯಾರಾದರೂ ಅಡಿಯನ್ನು ಕೊರೆದಿದ್ದರೆ ಅದರ ಕೆಳಗೆ ತಲೆ ಹಾಕಬೇಡ. ಬಾಯಾರುವ ಮೊದಲೇ ನೀರು ಕುಡಿ. ಈಗ ಅಲ್ಲಿ ಚಳಿಗಾಲ, ಬೆವರು ಕಾಣಿಸುವುದಿಲ್ಲ, ಒಣಗಾಳಿ ಮೈಯ ನೀರನ್ನು ಹೀರುವುದು ಗೊತ್ತಾಗುವುದಿಲ್ಲ. ಕಲ್ಲು ಎತ್ತಿದ ಕಡೆ ಕೈ ಹಾಕುವ ಮುಂಚೆ ಹಾವಿದೆಯೇ ನೋಡು. ಎಲುಬನ್ನು ಒದ್ದೆ ಕಾಗದದಲ್ಲಿ ಸುತ್ತಿ, ಗೋಣಿಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಅದರ ಮೇಲೆ ಕಟ್ಟುವಾಗ ಅವಸರಪಡಬೇಡ. ಗಾರೆಯ ಕೆಲಸ ಕಂಡಿದ್ದೀಯೆ, ಎಳೆಯದನ್ನು ಕದಲಿಸಿದರೆ ಬಿರಿಯುತ್ತದೆ. ಚಿಕ್ಕ ಚೂರೆಂದು ಏನನ್ನೂ ಕಿಸೆಗೆ ಹಾಕಬೇಡ. ಮಂಗೋಲಿಯಾದಿಂದ ಕದ್ದು ಸಾಗಿಸಿದ ಡೈನೋಸಾರಿನ ಅಸ್ಥಿಪಂಜರವನ್ನು 2012ರಲ್ಲಿ ನ್ಯೂಯಾರ್ಕಿನಲ್ಲಿ ಹರಾಜಿಗಿಟ್ಟಿದ್ದರು, ಮೊಕದ್ದಮೆಯಾಗಿ ಮರುವರ್ಷ ಅದು ತನ್ನ ದೇಶಕ್ಕೇ ಮರಳಿತು. ಚೂರಿರಲಿ, ಇಡೀ ಪ್ರಾಣಿಯಿರಲಿ, ಅದು ಆ ನೆಲದ್ದು. ಅಮ್ಮ ಮಿಡಿ ಉಪ್ಪಿನಕಾಯಿ ಕಟ್ಟಿದ್ದಾಳೆ. ವಿಮಾನದಲ್ಲಿ ಕೊಡುವ ಅರ್ಜಿಯಲ್ಲಿ ಮರೆಯದೆ ಬರೆ, ಅವರು ತೆಗೆದಿಟ್ಟರೆ ಇಡಲಿ. ಅಲ್ಲಿ ಮಣ್ಣು ಮೆತ್ತಿದ ಬೂಟನ್ನೂ ಬಿಡುವುದಿಲ್ಲವಂತೆ. ನಿನ್ನ ಬೂಟಿನ ಅಡಿಯ ಗೀರುಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿತ್ತು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ನೀರು ತಿಳಿಯಾಗುವವರೆಗೆ ತೊಳೆದು, ಒಲೆಯ ಹತ್ತಿರ ಒಣಗಲು ಇಟ್ಟಿದ್ದೇನೆ.

ಮತ್ತೆ ಭಾಷಣವಾಯಿತು. ಇನ್ನು ನಿಲ್ಲಿಸುತ್ತೇನೆ. ಊರಿನವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಮಗಳು ಹೋಗುತ್ತಿದ್ದಾಳೆ ಎಂದು. ಡೈನೋಸಾರ್ ಸಿಕ್ಕ ಜಾಗ ನಮ್ಮ ದೇಶದಲ್ಲೂ ಇದೆಯಲ್ಲ, ಗುಜರಾತಿನ ರೈಯೋಲಿ, ಮಧ್ಯಪ್ರದೇಶದ ಧಾರ್. ನರ್ಮದಾ ಕಣಿವೆಯ ಆ ಸೀಮೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿವೆ ಎಂದು 2023ರಲ್ಲಿ ಪ್ರಕಟವಾಯಿತು. ನೀನು ಬಂದ ಮೇಲೆ ಅಲ್ಲಿಗೆ ನನ್ನನ್ನೂ ಕರೆದುಕೊಂಡು ಹೋಗು, ಮಂಡಿ ಇನ್ನೂ ಮಡಚುತ್ತದೆ.

ಪುಸ್ತಿಕೆಯ ಒಂದು ಪುಟವನ್ನು ಮೂರು ಸಲ ಓದಿದೆ. ಎಲುಬು ಎಷ್ಟು ಚೆನ್ನಾಗಿದ್ದರೂ ಎಲ್ಲಿ, ಯಾವ ಪದರದಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದಿಡದಿದ್ದರೆ ವಿಜ್ಞಾನಕ್ಕೆ ಅದರಿಂದ ದೊಡ್ಡ ಪ್ರಯೋಜನವಿಲ್ಲ ಎಂದಿದೆ ಅಲ್ಲಿ. ನಿನ್ನ ಡಬ್ಬದ ಪ್ರತಿ ಕಲ್ಲಿಗೂ ಒಂದು ಚೀಟಿ ಇತ್ತು. ನನ್ನ ಕೋರೆಯ ಲೋಡಿನ ಚೀಟಿಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದದ್ದು. "ಪಡುಕೆರೆ, ದೋಣಿಯ ಹತ್ತಿರ." "ಹೊಳೆ, ಅಜ್ಜಿ ಮನೆ, ನೀರೊಳಗೆ." ಒಂಬತ್ತು ವರ್ಷದ ಹುಡುಗಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕಲ್ಲು ಸುರಿದು ಚೀಟಿಗಳನ್ನು ಬಚ್ಚಲ ಒಲೆಗೆ ಹಾಕಿದೆ.

ಚೀಟಿಗಳನ್ನು ತಂದುಕೊಡಲಾರೆ. ಕಲ್ಲುಗಳ ಜಾಗವನ್ನು ಬರೆದುಕೊಡಬಲ್ಲೆ:

ಬಾವಿಕಟ್ಟೆಯಿಂದ ಪೂರ್ವಕ್ಕೆ ಒಂಬತ್ತು ಹೆಜ್ಜೆ. ಆವರಣ ಗೋಡೆಯ ಅಡಿಪಾಯ, ಗೇಟಿನಿಂದ ಮೂರನೆಯ ಕಂಬದ ಬುಡ. ಎರಡು ಅಡಿ ಆಳ, ಜಲ್ಲಿಯ ಕೆಳಗೆ, ಕೆಂಪು ಮಣ್ಣಿನ ಮೇಲೆ. ಸುಮಾರು ನಲವತ್ತು ಕಲ್ಲು. ಹಾಕಿದವನು ಅಪ್ಪ. 2007ರ ಮೇ 28, ಸಂಜೆ.