ಮಾವಿನ ಬಿಯರ್ ಮನೆಗೆ ಒಯ್ಯಲು ಬಿಡಿ: ಅಬಕಾರಿ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಅಬಕಾರಿ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಸರ್ಕಾರ ಕೊಟ್ಟ ಪರವಾನಗಿಯನ್ನು ಗೋಡೆಗೆ ತೂಗುಹಾಕಿಕೊಂಡು ಬೆಂಗಳೂರಿನಲ್ಲಿ ಸಣ್ಣದೊಂದು ಮೈಕ್ರೋಬ್ರೂವರಿ, ಅಂದರೆ ಬಿಯರನ್ನು ತಾನೇ ತಯಾರಿಸಿ ಅಲ್ಲೇ ಬಡಿಸುವ ಜಾಗ, ನಡೆಸುತ್ತಿರುವವನು ನಾನು. ಹಣ್ಣು, ಕಾಫಿ, ಮಸಾಲೆ ಪದಾರ್ಥ ಬೆರೆಸಿದ ಬಿಯರ್ ಮಾಡುವುದು ನಮ್ಮ ಕಸುಬು. ಬೇಸಿಗೆಗೆ ಮಾವು, ಮಳೆ ಹಿಡಿದಾಗ ನೇರಳೆ, ಚಳಿಗೆ ಚಿಕ್ಕಮಗಳೂರಿನ ಕಾಫಿ, ವರ್ಷವಿಡೀ ರಾಗಿ. ಇಷ್ಟು ವರ್ಷ ಮನವಿ ಬರೆದು ಟಪಾಲಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದೆ. ಮುದ್ರೆ ಚೆನ್ನಾಗಿಯೇ ಬೀಳುತ್ತದೆ. ಉತ್ತರ ಮಾತ್ರ ಬರುವುದಿಲ್ಲ. ಆದ್ದರಿಂದ ಈ ಸಲ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಮ್ಮಲ್ಲಿ ಕೊಂಡ ಬಿಯರನ್ನು, ಮೊಹರು ಹಾಕಿದ ಪಾತ್ರೆಯಲ್ಲಿ, ಎರಡು ಲೀಟರಿನ ಮಿತಿಯೊಳಗೆ, ಗ್ರಾಹಕ ಮನೆಗೆ ಒಯ್ಯಲು ಅನುಮತಿ ಕೊಡಿ. ನಮ್ಮಲ್ಲೇ ಕೂತು ಕುಡಿಯಬೇಕು, ಹೊರಗೆ ಒಯ್ಯುವಂತಿಲ್ಲ ಎಂಬ ನಿಯಮವನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ; ಬರೆದವರು ನಿಮ್ಮವರೇ.

ಕಳೆದ ಮಾವಿನ ಹಂಗಾಮಿನಲ್ಲಿ ನಡೆದದ್ದನ್ನು ಮಾತ್ರ ಬಿಡಿಸಿಯೇ ಹೇಳುತ್ತೇನೆ. ನಮಗೆ ತೋತಾಪುರಿ ಮಾವು ಕೊಡುವವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆಯ ಒಬ್ಬ ಹಿರಿಯ ರೈತರು. ಹಣ್ಣಿನ ಹಣ ತೆಗೆದುಕೊಂಡು ಹೋಗಲು ಬಂದಿದ್ದರು. ಕೂರಿಸಿ, ಅವರದೇ ಹಣ್ಣಿನ ಬಿಯರ್ ಕೊಟ್ಟೆವು. ಒಂದು ಲೋಟ ಕುಡಿದು, "ಇದು ನಮ್ಮ ತೋಟದ ಕಾಯಿಯೇ? ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ" ಎಂದು ನಕ್ಕರು. ನಾನು ಒಳಗೆ ಲೆಕ್ಕ ನೋಡುತ್ತಿದ್ದಾಗ, ಜಗ್ಗಿನಲ್ಲಿ ಉಳಿದಿದ್ದನ್ನು ತಮ್ಮ ಸ್ಟೀಲ್ ನೀರಿನ ಬಾಟಲಿಗೆ ಸುರಿದುಕೊಂಡು ಹೊರಟಿದ್ದಾರೆ. ಗೇಟಿನ ಬಳಿ ತಪಾಸಣೆಯವರು ನಿಂತಿದ್ದರು. ಅವರು ಯಾವ ಕಚೇರಿಯವರು, ಯಾರು ಎಂದು ಬರೆಯುವುದಿಲ್ಲ. ನನಗೂ ಇದೇ ಊರಿನಲ್ಲಿ ವ್ಯಾಪಾರ ಮಾಡಬೇಕು.

ಮುಂದಿನದು ಮಹಜರು. ಇಬ್ಬರು ಪಂಚರು ಬೇಕೆಂದು ಪಕ್ಕದ ಬೀಡಾ ಅಂಗಡಿಯವನನ್ನೂ ಪಾರ್ಕಿಂಗ್ ಹುಡುಗನನ್ನೂ ಕರೆಸಿದರು. "ಒಂದು ಸ್ಟೀಲ್ ಬಾಟಲಿ, ಅದರೊಳಗೆ ನೊರೆಯುಳ್ಳ ದ್ರವ" ಎಂದು ಬರೆದಾಯಿತು. ದ್ರವದ ಬಣ್ಣ ಹಳದಿಯೋ ಕೇಸರಿಯೋ ಎಂಬ ಚರ್ಚೆ ಬಹಳ ಹೊತ್ತು ನಡೆಯಿತು. ಮಾವಿನ ಬಣ್ಣ ಎಂದು ಬರೆಯಿರಿ ಎಂದೆ. ಅಂಥ ಬಣ್ಣ ಇಲ್ಲ ಎಂದರು. ಅಳೆದಾಗ ಅರ್ಧ ಲೀಟರೂ ಇರಲಿಲ್ಲ. ಆ ಹಿರಿಯರು ಒಂದು ಮೂಲೆಯಲ್ಲಿ ಟವೆಲ್ ಹಿಡಿದು ನಿಂತೇ ಇದ್ದರು. ತಪಾಸಣೆಯವರಲ್ಲೊಬ್ಬರು "ಸಾಗಣೆ" ಎಂಬ ಪದ ಬಳಸಿದಾಗ ಆ ಹಿರಿಯರ ಮುಖ ನೋಡಬೇಕಿತ್ತು, ಸ್ವಾಮಿ. ಲಾರಿಗಟ್ಟಲೆ ಮಾವು ಸಾಗಿಸಿದವರು ಅವರು. ಊರಿನ ಕೊನೆಯ ಬಸ್ಸು ತಪ್ಪಿತು. ಬಾಟಲಿ ಜಪ್ತಿಯಾಯಿತು. ನೋಟಿಸ್ ನನಗೆ ಬಂತು. ತಾನು ಬೆಳೆದ ಹಣ್ಣಿನ ರಸವನ್ನು ತನ್ನ ಹೆಂಡತಿಗೆ ತೋರಿಸಲು ಹೋದದ್ದು ಈ ರಾಜ್ಯದಲ್ಲಿ ಅಪರಾಧ ಎಂದು ನನಗೆ ತಿಳಿದದ್ದು ಅಂದು.

2025ರ ಜೂನ್ ತಿಂಗಳು ನಿಮಗೆ ನೆನಪಿರಬೇಕು. ಆಂಧ್ರದ ಚಿತ್ತೂರು ಜಿಲ್ಲಾಡಳಿತದವರು ನಮ್ಮ ತೋತಾಪುರಿಗೆ ಗಡಿಯಲ್ಲೇ ತಡೆ ಹಾಕಿದರು. ಬೆಲೆ ಕುಸಿಯಿತು. ಶ್ರೀನಿವಾಸಪುರದಲ್ಲಿ ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿದರು. ನಮ್ಮ ಮುಖ್ಯಮಂತ್ರಿಗಳು ಆಂಧ್ರಕ್ಕೂ ದೆಹಲಿಗೂ ಪತ್ರ ಬರೆದರು. ಕೇಂದ್ರ ಕ್ವಿಂಟಲ್‌ಗೆ 1,616 ರೂಪಾಯಿ ಲೆಕ್ಕ ಹಿಡಿದು, 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಒಳ್ಳೆಯದೇ ಆಯಿತು. ನನ್ನ ನಾಲ್ಕು ಟ್ಯಾಂಕುಗಳಿಂದ ಕೋಲಾರ ಜಿಲ್ಲೆ ಉದ್ಧಾರವಾಗುತ್ತದೆ ಎನ್ನುವಷ್ಟು ಹುಂಬ ನಾನಲ್ಲ. ಆದರೆ ನನ್ನಂಥವರು ತೆಗೆದುಕೊಳ್ಳುವ ಒಂದೊಂದು ಕ್ರೇಟ್ ಹಣ್ಣಿಗೂ ಮಂಡಿಯ ಕಮಿಷನ್ ಇಲ್ಲ, ಪರರಾಜ್ಯದ ಜಿಲ್ಲಾಧಿಕಾರಿಯ ಅಪ್ಪಣೆಯೂ ಬೇಕಾಗಿಲ್ಲ. ಮನೆಗೆ ಒಯ್ಯಲು ಬಿಟ್ಟರೆ ಇನ್ನೊಂದಿಷ್ಟು ಕ್ರೇಟ್ ತರಿಸಬಲ್ಲೆವು. ಬಿಡಿ ಎಂದೇ ಕೇಳುತ್ತಿದ್ದೇನೆ.

ಹಣ್ಣಿನ ಬಿಯರ್ ಕಡತದ ಹಾಗೆ ಕಾಯುವುದಿಲ್ಲ, ಮಾನ್ಯರೇ. ಮೊದಲ ಹುದುಗು ಇಳಿಯಲು ಒಂದು ವಾರ. ಮಾವಿನ ತಿರುಳು ಬಿದ್ದೊಡನೆ ಅದರ ಸಕ್ಕರೆಗೆ ಯೀಸ್ಟ್ ಮತ್ತೆ ಏಳುತ್ತದೆ, ಇನ್ನಷ್ಟು ದಿನ. ಆಮೇಲೆ ತಣ್ಣಗಿಟ್ಟು ತಿಳಿಯಾಗಲು ಬಿಡಬೇಕು. ಕಾರ್ಖಾನೆಯ ಬಾಟಲಿ ಬಿಯರಿನಂತೆ ನಾವು ಅದನ್ನು ಕಾಯಿಸಿ ಪಾಶ್ಚರೀಕರಿಸುವುದಿಲ್ಲ. ಕಾಯಿಸಿದರೆ ಹಣ್ಣಿನ ಪರಿಮಳ ಹೋಗಿ ಜಾಮಿನ ವಾಸನೆ ಉಳಿಯುತ್ತದೆ. ಹಾಗಾಗಿ ಸಿದ್ಧವಾದ ಕೆಲವೇ ವಾರಗಳಲ್ಲಿ ಅದು ಖರ್ಚಾಗಬೇಕು. ಶನಿವಾರ ನಮ್ಮಲ್ಲಿ ಕುರ್ಚಿ ಸಿಗುವುದಿಲ್ಲ. ಮಂಗಳವಾರ ಕುರ್ಚಿಗಳೇ ಪರಸ್ಪರ ಮುಖ ನೋಡಿಕೊಂಡು ಕೂತಿರುತ್ತವೆ. ಚಿಲ್ಲರ್ ಮಾತ್ರ ಮಂಗಳವಾರವೂ ಓಡುತ್ತದೆ, ವಿದ್ಯುತ್ ಬಿಲ್ಲೂ ಓಡುತ್ತದೆ. ಮುಂದಿನ ಹಂಡೆಗೆ ಟ್ಯಾಂಕು ಖಾಲಿಯಾಗಬೇಕು, ಹಳೆಯದು ಖರ್ಚಾಗಿಲ್ಲ. ಆಗ ನಾನೇ ಕೈಯಾರೆ ವಾಲ್ವ್ ತಿರುಗಿಸಿ ಚರಂಡಿಗೆ ಬಿಡುತ್ತೇನೆ. ಸುಂಕ ಕಟ್ಟಿದ ಬಿಯರ್ ಅದು. ಚರಂಡಿಗೆ ಒಯ್ಯಲು ಅನುಮತಿ ಬೇಕಿಲ್ಲ ನೋಡಿ, ಮನೆಗೆ ಒಯ್ಯಲು ಬೇಕು. ರಸ ಬಸಿದ ಮೇಲೆ ಉಳಿಯುವ ಮಾಲ್ಟಿನ ಬೂಸವನ್ನು ಹಸು ಸಾಕುವವರು ಚೀಲದಲ್ಲಿ ತುಂಬಿಕೊಂಡು ನಿರಾತಂಕವಾಗಿ ಹೋಗುತ್ತಾರೆ. ಹಸುವಿನ ಪಾಲು ಮನೆಗೆ ಹೋಗುತ್ತದೆ, ಗ್ರಾಹಕನ ಪಾಲು ಹೋಗುವುದಿಲ್ಲ.

ಬ್ಯಾಂಕಿನ ಕಂತು, ಕಟ್ಟಡದ ಬಾಡಿಗೆ, ಬಿಯರಿಗೆ ಕಹಿ ಕೊಡಲು ಹೊರದೇಶದಿಂದ ಬರುವ ಹಾಪ್ಸ್ ಹೂವಿನ ಬೆಲೆ, ಇವೆಲ್ಲ ನನ್ನ ಕರ್ಮ, ನಿಮ್ಮ ತಲೆಗೆ ಕಟ್ಟುವುದಿಲ್ಲ. ನಮ್ಮ ತಾಯಿ ನೆಂಟರಿಗೆಲ್ಲ "ಮಗ ಹೋಟೆಲ್ ಇಟ್ಟಿದ್ದಾನೆ" ಎಂದೇ ಹೇಳಿಕೊಂಡು ಬಂದಿದ್ದಾರೆ, ಅದೂ ಇರಲಿ. ಹೆಂಡತಿಯ ಬಳೆಗಳು ಇನ್ನೂ ಬ್ಯಾಂಕಿನ ಲಾಕರಿನಲ್ಲಿವೆ, ನಮ್ಮ ಲಾಕರಲ್ಲ, ಅವರದು. ಇಷ್ಟಾದ ಮೇಲೂ ಒಳ್ಳೆಯ ಮಾವಿನ ಬಿಯರನ್ನು ಮೋರಿಗೆ ಬಿಡುವಾಗ ಹೊಟ್ಟೆ ಉರಿಯುವುದಿಲ್ಲವೇ?

ನಾನು ಕೇಳುತ್ತಿರುವುದು ಹೊಸದೂ ಅಲ್ಲ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನಿನಲ್ಲಿ ಟ್ಯಾಂಕುಗಳು ತುಂಬಿ ಕೂತಾಗ, ಇದೇ ಸರ್ಕಾರಿ ಯಂತ್ರ ತಾತ್ಕಾಲಿಕವಾಗಿ ಅನುಮತಿ ಕೊಟ್ಟಿತ್ತು. ಗಾಜಿನದೋ ಪಿಂಗಾಣಿಯದೋ ಸ್ಟೀಲಿನದೋ ಪಾತ್ರೆ, ಒಬ್ಬರಿಗೆ ಎರಡು ಲೀಟರ್. ಜನ ಅಂತರ ಕಾಯ್ದುಕೊಂಡು ಸಾಲಿನಲ್ಲಿ ನಿಂತು ಒಯ್ದರು. ಆಕಾಶ ಕಳಚಿ ಬೀಳಲಿಲ್ಲ. ಸ್ಟೀಲ್ ಪಾತ್ರೆ ಅಂದು ಆದೇಶದಲ್ಲಿತ್ತು, ಇಂದು ಮಹಜರಿನಲ್ಲಿದೆ.

ದ್ರಾಕ್ಷಿ ಬೆಳೆಗಾರರಿಗೆ 2007ರಲ್ಲೇ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ಮಂಡಳಿ ಬಂತು, ಮೇಳಗಳು ಬಂದವು. ಮೇಳದಲ್ಲಿ ಬಾಟಲಿ ಕೊಂಡು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಹೋಗುವವರನ್ನು ಯಾರೂ ಗೇಟಿನಲ್ಲಿ ನಿಲ್ಲಿಸುವುದಿಲ್ಲ. ನಿಲ್ಲಿಸಲೂ ಬಾರದು. ಮಾವು ಮಾಡಿದ ಪಾಪವೇನು?

ಮನೆಗೆ ಒಯ್ದರೆ ದುರುಪಯೋಗವಾಗುತ್ತದೆ ಎಂದು ಒಬ್ಬ ಅಧಿಕಾರಿ ಹೇಳಿದರು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮಳಿಗೆಯಲ್ಲಿ ಬಾಟಲಿ ಬಿಯರ್ ಕೊಂಡವನು ಅದನ್ನು ಮತ್ತೆಲ್ಲಿಗೆ ಒಯ್ಯುತ್ತಾನೆ, ಗ್ರಂಥಾಲಯಕ್ಕೆಯೇ? ನಮ್ಮಲ್ಲಿ ಆಗುವುದನ್ನು ನಾನು ದಿನಾ ನೋಡುತ್ತೇನೆ. ಜಗ್ಗಿನಲ್ಲಿ ಉಳಿದದ್ದನ್ನು ಒಯ್ಯುವಂತಿಲ್ಲ, ಬಿಡಲು ಮನಸ್ಸಿಲ್ಲ, ದುಡ್ಡು ಕೊಟ್ಟಿದ್ದಾರೆ. ಗಟಗಟ ಮುಗಿಸಿ ಎದ್ದು ಸ್ಕೂಟರ್ ಕೀಲಿ ಹುಡುಕುತ್ತಾರೆ. ಇದು ಸದುಪಯೋಗ ಎಂದಾದರೆ ನನ್ನದು ಮಾತಿಲ್ಲ.

ಲೆಕ್ಕ ತಪ್ಪಿಹೋಗುತ್ತದೆ ಎಂಬ ಭಯವಿದ್ದರೆ ಪಾತ್ರೆಗೆ ನಿಮ್ಮದೇ ಚೀಟಿ ಅಂಟಿಸಿ, ಅದರ ಶುಲ್ಕವನ್ನೂ ವಸೂಲಿ ಮಾಡಿ. 2025–26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬೇಕೆಂದು ಬಜೆಟ್ಟಿನಲ್ಲಿ ಬರೆದುಕೊಂಡವರಿಗೆ, ಕೊಡುತ್ತೇನೆ ಎಂದು ಕೈಮುಗಿದು ನಿಂತವನು ಕಾಣಿಸುವುದಿಲ್ಲವೆಂದರೆ ಹೇಗೆ?

ಬೇಸಿಗೆಗೆ ಮತ್ತೆ ಕಾಯಿ ಬರುತ್ತದೆ. ಆ ಹಿರಿಯರು ಈ ವರ್ಷ ಹಣ್ಣು ಲಾರಿಯಲ್ಲಿ ಕಳಿಸುತ್ತೇನೆ, ನಾನು ಬರುವುದಿಲ್ಲ ಎಂದಿದ್ದಾರೆ. ಹೊಸ ಸಮಿತಿ ಬೇಡ, ಅಧ್ಯಯನ ಪ್ರವಾಸ ಬೇಡ. 2020ರ ಆದೇಶ ನಿಮ್ಮ ಕಚೇರಿಯ ಕಡತದಲ್ಲೇ ಇದೆ. ಅದರ ಅವಧಿಯ ಸಾಲನ್ನು ತೆಗೆದು, ದಿನಾಂಕ ತಿದ್ದಿ, ಏಪ್ರಿಲ್‌ಗೆ ಮುಂಚೆ ಹೊರಡಿಸಿ. ಎರಡು ಲೀಟರ್, ಮೊಹರು ಹಾಕಿದ ಪಾತ್ರೆ, ಮನೆಗೆ. ಅಷ್ಟೇ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಸಣ್ಣ ಬಿಯರ್ ತಯಾರಕ

ಅಡಕ: ಸ್ವೀಕೃತಿ ಮುದ್ರೆಯುಳ್ಳ ಹಳೆಯ ಮನವಿಗಳ ಪ್ರತಿಗಳು